ತಗಡಿನ ನೆಗ್ಗು, ಪುಟ್ಟಿಯ ಡಬ್ಬಿ

ಮನೆಗೊಂದು ವಾಹನವೆಂಬುದು ಈಗ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಸಾಮಾನ್ಯ ಸಂಗತಿಯಾಗಿದೆ. ವಾಹನವಿದ್ದಲ್ಲಿ ನೆಗ್ಗು, ಗೀರು, ತುಕ್ಕು ತಪ್ಪಿದ್ದಲ್ಲ. ಗೇಟಿನ ಕಂಬಕ್ಕೆ ಬಾಗಿಲು ಉಜ್ಜುತ್ತದೆ. ಸಂತೆಯಲ್ಲಿ ನಿಲ್ಲಿಸಿದ ಗಾಡಿಗೆ ಯಾರೋ ಗುದ್ದಿ ಹೇಳದೆ ಹೊರಟುಹೋಗುತ್ತಾರೆ. ನಮ್ಮ ಕಡೆ ಟಿಂಕರಿಂಗ್ ಎಂದು ಕರೆಯುವ ಈ ಕೆಲಸಕ್ಕೆ ಗ್ಯಾರೇಜಿನಲ್ಲಿ ಕೇಳುವ ಹಣವನ್ನು ಕಂಡಾಗ, ಇಷ್ಟನ್ನು ನಾವೇ ಮಾಡಿಕೊಳ್ಳಬಾರದೇಕೆ ಎಂಬ ಹುಮ್ಮಸ್ಸು ಮನೆಯ ತರುಣರಲ್ಲಿ ಹುಟ್ಟುವುದು ಸಹಜ. ಹುಮ್ಮಸ್ಸು ಒಳ್ಳೆಯದೇ. ಆದರೆ ಹಾಗೆ ಹೊರಟವರು ಅಂಗಡಿಯಲ್ಲಿ ಮೊಟ್ಟಮೊದಲು ಕೇಳುವುದು ಪುಟ್ಟಿಯ ಡಬ್ಬಿಯನ್ನು. ಅದು ಕಟ್ಟಕಡೆಗೆ ಕೊಳ್ಳಬೇಕಾದ ವಸ್ತುಗಳಲ್ಲೊಂದು ಎಂಬುದನ್ನು, ಐ.ಟಿ.ಐ.ಯಲ್ಲಿ ಅನೇಕ ವರ್ಷ ತಗಡು ಕೆಲಸ ಕಲಿಸಿ ನಿವೃತ್ತರಾದ ನಾವು ಓದುಗರ ಮುಂದಿಡಬಯಸುತ್ತೇವೆ.

ಇದನ್ನು ಬರೆಯಲು ಕಾರಣವಾದದ್ದು ನಮ್ಮ ತಂಗಿಯ ಮನೆಯ ಹಳೆಯ ಮಾರುತಿ 800. ಈ ಮಾದರಿ ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರಲ್ಲಿ. ಹೊಸದು ಸಿಗದಿದ್ದರೂ ಇದ್ದವನ್ನು ಜೋಪಾನ ಮಾಡಿಕೊಂಡವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ತಂಗಿಯ ಮಗಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ದಾದಿ. ಮನೆ ಕುಂದಗೋಳದ ಕಡೆಯ ಹಳ್ಳಿಯಲ್ಲಿ. ರಾತ್ರಿ ಪಾಳಿ ಮುಗಿಸಿ ಬರಲು ಬಸ್ಸಿನ ಅನುಕೂಲವಿಲ್ಲವಾದ್ದರಿಂದ, ತಂದೆ ಬಿಟ್ಟುಹೋದ ಈ ಗಾಡಿಯನ್ನು ಅವಳಿಗೆ ಅಣಿಗೊಳಿಸಿ ಕೊಡಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದರು. ಎಂಜಿನ್ನು ಚೆನ್ನಾಗಿತ್ತು. ಎಡಗಡೆಯ ಬಾಗಿಲಿಗೆ ಅಂಗೈಯಗಲದ ನೆಗ್ಗು, ಮುಂದಿನ ಮಡ್‌ಗಾರ್ಡಿಗೆ ಒಂದು ಗೀರು, ಬಾಗಿಲುಗಳ ಕೆಳಗಿನ ರನ್ನಿಂಗ್ ಬೋರ್ಡಿನಲ್ಲಿ ಅಲ್ಲಲ್ಲಿ ಬಣ್ಣದ ಗುಳ್ಳೆಗಳು, ಮೇಲೆ ಕಾಣುತ್ತಿದ್ದುದು ಇಷ್ಟೇ. ಒಂದು ಗ್ಯಾರೇಜಿನವರು, "ಎಲ್ಲಾ ಪುಟ್ಟಿ ಹಚ್ಚಿ, ಬಣ್ಣ ಹೊಡದು, ಮೂರು ದಿನದಾಗ ಹೊಸ ಗಾಡಿ ಮಾಡಿ ಕೊಡತೇವ್ರಿ" ಎಂದಿದ್ದರು. ಡಿಪ್ಲೊಮಾ ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದ ಅವಳ ತಮ್ಮನಿಗೆ ಇದನ್ನು ತಾನೇ ಮಾಡುವ ಆಸೆ. "ದೊಡ್ಡ ಡಬ್ಬಿ ತರಲ್ಯೋ, ಸಣ್ಣದು ತರಲ್ಯೋ? ಹೇಳ್ರಿ ಮಾಮಾ" ಎಂದು ನಮ್ಮಲ್ಲಿಗೆ ಬಂದ. ನಾವು ಅವನಿಗೆ ಮೊದಲು ಒಂದು ಅಯಸ್ಕಾಂತ ತರಲು ಹೇಳಿದೆವು.

ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಗಾಡಿಯ ಮೈಮೇಲೆ ಸರಿಸುತ್ತ ಹೋದರೆ, ಉಕ್ಕಿನ ತಗಡಿದ್ದಲ್ಲಿ ಅದು ಹಿಡಿಯುತ್ತದೆ, ದಪ್ಪನಾದ ಪುಟ್ಟಿಯಿದ್ದಲ್ಲಿ ಜಾರಿಬೀಳುತ್ತದೆ. ಹಳೆಯ ಗಾಡಿ ಕೊಳ್ಳುವವರು ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಸಾಧನವಿದು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಬಾಗಿಲಿನ ಮೇಲೆಲ್ಲ ಹಿಡಿದ ಅಯಸ್ಕಾಂತ ರನ್ನಿಂಗ್ ಬೋರ್ಡಿನ ಹಿಂಬದಿಯಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಎಲ್ಲಿಯೂ ನಿಲ್ಲಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದಾಗ ಹಿಂದೆ ಯಾರೋ ತುಂಬಿದ್ದ ಪುಟ್ಟಿ ರೊಟ್ಟಿಯ ಹಾಗೆ ಇಡಿಯಾಗಿ ಎದ್ದುಬಂತು. ಅದರ ಹಿಂದೆ ತಗಡೇ ಇರಲಿಲ್ಲ. ಒದ್ದೆಯಾದ ಕಂದು ಪುಡಿಯಿತ್ತು, ಅದರಲ್ಲಿ ನಮ್ಮ ಎರೆಮಣ್ಣು ಮೆತ್ತಿಕೊಂಡಿತ್ತು.

ಹೀಗಾಗುವುದರ ಕಾರಣ ಸರಳ. ಪುಟ್ಟಿ ನೀರನ್ನು ತಡೆಯುವ ವಸ್ತುವಲ್ಲ. ಅದರಲ್ಲಿರುವ ಶಂಖಜೀರದ ಪುಡಿ ತೇವವನ್ನು ಹೀರುತ್ತದೆ. ತೂತಿನ ಹಿಂದೆ ಜಾಳಿಗೆಯನ್ನೋ ಕಾಗದವನ್ನೋ ಒತ್ತಿ ಮೇಲೆ ಪುಟ್ಟಿ ಬಳಿದರೆ ಹೊರಗಿನ ಬಣ್ಣ ಕೆಲವು ತಿಂಗಳು ನಗುನಗುತ್ತ ಇರುತ್ತದೆ. ಒಳಗಿನಿಂದ ಬಂದ ನೀರು ಅಷ್ಟರಲ್ಲಿ ಅಕ್ಕಪಕ್ಕದ ಒಳ್ಳೆಯ ತಗಡನ್ನೂ ತಿಂದಿರುತ್ತದೆ. ಅದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಮಾರುತಿ 800ರಂತಹ ಗಾಡಿಗಳಿಗೆ ಲಾರಿಗಳಿಗಿರುವಂತೆ ಬೇರೆ ಚಾಸಿಸ್ ಇಲ್ಲ. ತಳ, ಕಂಬಗಳು ಮತ್ತು ಈ ರನ್ನಿಂಗ್ ಬೋರ್ಡಿನ ಪೆಟ್ಟಿಗೆ ಸೇರಿಯೇ ಅದರ ಎಲುಬಿನ ಗೂಡು. ಪಕ್ಕದಿಂದ ಪೆಟ್ಟು ಬಿದ್ದರೆ ಒಳಗೆ ಕುಳಿತವರನ್ನು ಕಾಯುವ ಭಾಗಗಳಲ್ಲಿ ಅದೂ ಒಂದು. ಅಲ್ಲಿ ತಗಡಿನ ಬದಲು ಪುಟ್ಟಿಯಿಡುವುದು, ಮುರಿದ ತೊಲೆಗೆ ಸುಣ್ಣ ಬಳಿದು ಮಾಳಿಗೆಯ ಮೇಲೆ ಮಕ್ಕಳನ್ನು ಆಡಲು ಬಿಟ್ಟಂತೆ. ತಂಗಿ ಇದನ್ನೆಲ್ಲ ಕೇಳುತ್ತ ನಿಂತಿದ್ದವಳು, "ಅಣ್ಣಾ, ಬಣ್ಣ ಹೆಂಗರ ಇರಲಿ. ಹುಡುಗಿ ರಾತ್ರಿ ಒಬ್ಬಾಕಿನ ಬರತಾಳ, ಗಾಡಿ ಗಟ್ಟಿ ಇರಲಿ" ಎಂದಳು.

ಆ ಕೆಲಸವನ್ನು ಅಳಿಯನ ಕೈಗೆ ಕೊಡಲಿಲ್ಲ. ನುರಿತ ವೆಲ್ಡರೊಬ್ಬರು ಕೊಳೆತ ಭಾಗವನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಸಿ.ಓ.ಟು. ವೆಲ್ಡಿಂಗಿನಿಂದ ಕೂಡಿಸಿ, ಕೆಳಗೆ ನೀರು ಇಳಿಯುವ ರಂಧ್ರಗಳನ್ನು ಬಿಟ್ಟು ಕೊಟ್ಟರು. ಹೊಸಬರು ಮುಟ್ಟಬಾರದ ಭಾಗಗಳು ಇವು: ರನ್ನಿಂಗ್ ಬೋರ್ಡು, ಬಾಗಿಲ ಕಂಬಗಳು, ತಳ, ಚಕ್ರದ ಸಸ್ಪೆನ್ಷನ್ ಕೂಡುವ ಜಾಗ. ಬಾಗಿಲಿನ ಹೊರಮೈ, ಮಡ್‌ಗಾರ್ಡು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಇವುಗಳ ಮೇಲೆ ಕೈ ಪಳಗಿಸಬಹುದು. ಕೆಟ್ಟರೆ ಕೆಡುವುದು ಅಂದವೊಂದೇ.

ಪುಟ್ಟಿಯೆಂಬುದು ಹಿಂದಿನಿಂದ ಬಂದದ್ದೇನೂ ಅಲ್ಲ. ಮೊದಲು ಸೀಸ ಮತ್ತು ತವರದ ಮಿಶ್ರಣವನ್ನು ಕಾಯಿಸಿ ಮೆತ್ತಗೆ ಮಾಡಿ, ಮರದ ಹಲಗೆಯಿಂದ ಒತ್ತಿ ತಗ್ಗು ತುಂಬುತ್ತಿದ್ದರು. ಅದಕ್ಕೆ ಬಹಳ ಕೈಚಳಕ ಬೇಕು, ಸೀಸದ ವಿಷವೂ ಇದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ರಾಳಕ್ಕೆ ಶಂಖಜೀರದ ಪುಡಿ ಬೆರೆಸಿದ ಪುಟ್ಟಿ ಬಂತು. ಬಾಂಡೋ ಎಂಬ ಒಂದು ಹೆಸರು ಅಲ್ಲಿ ಪುಟ್ಟಿಗೇ ಪರ್ಯಾಯ ಪದವಾಯಿತು. ಕೆಲಸ ಸುಲಭವಾದದ್ದು ನಿಜ, ಆದರೆ ತಗಡನ್ನು ಸುತ್ತಿಗೆಯಿಂದ ತಿದ್ದುವ ಶ್ರಮವನ್ನು ಬಿಟ್ಟು ಬೊಗಸೆಗಟ್ಟಲೆ ತುಂಬುವ ಚಟವೂ ಅದರೊಂದಿಗೇ ಬಂತೆಂಬುದು ನಮ್ಮ ಅಭಿಪ್ರಾಯ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಸುತ್ತಿಗೆ ಮತ್ತು ಡಾಲಿ. ಪೆಟ್ಟಿಗೆಯ ತುಂಬ ಹನ್ನೆರಡು ಹದಿನಾಲ್ಕು ಸಲಕರಣೆಗಳಿರುವ ಸೆಟ್ಟುಗಳನ್ನು ಅಂಗಡಿಯವರು ತೋರಿಸುತ್ತಾರೆ. ಹೊಸಬರಿಗೆ ಅದರ ಗೊಡವೆ ಬೇಡ. ಒಂದು ಕಡೆ ಅಗಲವಾದ ಚಪ್ಪಟೆ ಮುಖ, ಇನ್ನೊಂದು ಕಡೆ ಚೂಪು ಇರುವ ಹಗುರವಾದ ಬಾಡಿ ಸುತ್ತಿಗೆಯೊಂದು, ಕೈಯಲ್ಲಿ ಹಿಡಿಯಲು ಬರುವ ಉಕ್ಕಿನ ಡಾಲಿಯೊಂದು, ರಬ್ಬರಿನ ಅಥವಾ ಮರದ ಕೊಡತಿಯೊಂದು ಸಾಕು. ಮೊಳೆ ಹೊಡೆಯುವ ಸುತ್ತಿಗೆಯನ್ನು ಬಳಸಬಾರದು. ಅದರ ಮುಖ ಕಿರಿದು, ಅಂಚು ಹರಿತ; ಒಂದೊಂದು ಏಟಿಗೂ ಒಂದೊಂದು ಗುರುತು ಬೀಳುತ್ತದೆ. ಬಾಡಿ ಸುತ್ತಿಗೆಯ ಮುಖ ಕನ್ನಡಿಯಂತೆ ನುಣ್ಣಗಿರಬೇಕು, ಅಂಚು ತುಸು ದುಂಡಗಿರಬೇಕು.

ಕೈಕೆಲಸದ ಗುಟ್ಟು ಸಹನೆಯಲ್ಲಿದೆ. ಕಾರಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳ್ಳಗೆ. ನೆಗ್ಗಿನ ನಡುವನ್ನು ಒಳಗಿನಿಂದ ಜೋರಾಗಿ ಬಡಿದರೆ ತಗಡು ಹಿಗ್ಗಿ, ಎಣ್ಣೆಡಬ್ಬಿಯ ತಳದಂತೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಆಡಹತ್ತುತ್ತದೆ. ನೆಗ್ಗಿನ ಸುತ್ತ ಉಬ್ಬಿದ ಏಣು ಇರುತ್ತದಲ್ಲ, ಕೊನೆಗೆ ಮೂಡಿದ್ದು ಅದು. ಮೊದಲು ಇಳಿಯಬೇಕಾದದ್ದೂ ಅದೇ. ಒಳಗಿನಿಂದ ಡಾಲಿಯನ್ನು ತಗ್ಗಿಗೆ ಒತ್ತಿ ಹಿಡಿದು, ಹೊರಗಿನ ಏಣಿನ ಮೇಲೆ ಸಣ್ಣ ಸಣ್ಣ ಏಟು ಹಾಕುತ್ತ ಹೊರಅಂಚಿನಿಂದ ನಡುವಿಗೆ ಬರಬೇಕು. ಇಷ್ಟಕ್ಕೇ ನೆಗ್ಗು ಬಹುಪಾಲು ಮೇಲೆದ್ದು ಬರುತ್ತದೆ. ಅಳಿಯ ಎರಡು ಸಂಜೆ ಬಾಗಿಲಿನ ಒಳಹಲಗೆ ಕಳಚಿ ಕುಳಿತು ಟಿಕ್ ಟಿಕ್ ಎಂದು ಬಡಿದ. ಕೊನೆಗೆ ಉದ್ದನೆಯ ಉಕ್ಕಿನ ಅಡಿಪಟ್ಟಿಯಿಟ್ಟು ನೋಡಿದರೆ ತಗ್ಗು ಎರಡು ಮಿಲಿಮೀಟರಿಗೆ ಬಂದಿತ್ತು. ಪುಟ್ಟಿಯ ಕೆಲಸ ಇರುವುದು ಅಲ್ಲಿಂದ ಮುಂದೆ. ತಿಕ್ಕಿ ಮುಗಿದ ಮೇಲೆ ಅದು ಎಲ್ಲಿಯೂ ಮೂರು ಮಿಲಿಮೀಟರಿಗಿಂತ ದಪ್ಪವಿರಬಾರದು. ದಪ್ಪವಾದಷ್ಟೂ ಬಿಸಿಲಿಗೆ, ಬಾಗಿಲು ಬಡಿದ ಅದುರಿಗೆ ಬಿರಿಯುವ ಸಂಭವ ಹೆಚ್ಚು.

ಹಚ್ಚುವ ಮೊದಲು ಹಳೆಯ ಬಣ್ಣವನ್ನು ನೆಗ್ಗಿನ ಸುತ್ತ ನಾಲ್ಕು ಬೆರಳು ಆಚೆಯವರೆಗೂ ತೆಗೆಯಬೇಕು. 80ನೇ ನಂಬರಿನ ಉಪ್ಪುಕಾಗದದಿಂದ ತಗಡು ಬೆಳ್ಳಗಾಗುವಂತೆ ತಿಕ್ಕಬೇಕು; ನುಣುಪು ತಗಡಿಗೆ ಪುಟ್ಟಿ ಅಂಟುವುದಿಲ್ಲ. ಬಣ್ಣದ ಅಂಚು ಮೆಟ್ಟಿಲಿನಂತಿರದೆ ಇಳಿಜಾರಾಗಿರಬೇಕು. ಥಿನ್ನರಿನಲ್ಲಿ ಅದ್ದಿದ ಶುದ್ಧವಾದ ಬಟ್ಟೆಯಿಂದ ಜಿಡ್ಡು ಒರೆಸಿ, ಆಮೇಲೆ ಬೆರಳು ತಾಗಿಸದಿರಬೇಕು. ಆಮ್ಲವಿರುವ ತುಕ್ಕುನಾಶಕ ಬಳಸಿದ್ದರೆ ಅದನ್ನು ಪೂರ್ತಿ ತೊಳೆದು ಒಣಗಿಸಬೇಕು. ಆಮ್ಲದ ಅಂಶ ಉಳಿದಲ್ಲಿ ಪಾಲಿಯೆಸ್ಟರ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಇನ್ನು ಡಬ್ಬಿಯ ಆಯ್ಕೆ. ಅಂಗಡಿಯಲ್ಲಿ ಪುಟ್ಟಿ ಎಂದಷ್ಟೇ ಕೇಳಿದರೆ ಎರಡು ತೀರ ಬೇರೆಯಾದ ವಸ್ತುಗಳಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ಒಂದು ಎನ್.ಸಿ. ಪುಟ್ಟಿ. ಇದಕ್ಕೆ ಏನೂ ಬೆರೆಸಬೇಕಿಲ್ಲ, ಒಳಗಿನ ಥಿನ್ನರು ಆರಿದಂತೆ ಗಟ್ಟಿಯಾಗುತ್ತದೆ. ಅಗ್ಗವೆಂದೂ ಸುಲಭವೆಂದೂ ಹೊಸಬರು ಇದನ್ನೇ ಒಯ್ಯುತ್ತಾರೆ. ಗೀರು, ಸೂಜಿಮೊನೆಯಂತಹ ರಂಧ್ರಗಳಿಗೆ ತೆಳುವಾಗಿ ಎಳೆಯಲು ಇದು ತಕ್ಕದ್ದು. ನೆಗ್ಗಿಗೆ ತುಂಬಿದರೆ ಮೇಲ್ಮೈ ಒಣಗಿ ಒಳಗೆ ಹಸಿಯಾಗಿಯೇ ಉಳಿದು, ಬಣ್ಣ ಹೊಡೆದ ಮೇಲೆ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಇನ್ನೊಂದು ಪಾಲಿಯೆಸ್ಟರ್ ಪುಟ್ಟಿ. ಡಬ್ಬಿಯ ಜೊತೆಗೆ ಹಾರ್ಡ್‌ನರಿನ ಸಣ್ಣ ಟ್ಯೂಬು ಇರುತ್ತದೆ. ಎರಡೂ ಕೂಡಿದಾಗ ರಾಸಾಯನಿಕ ಕ್ರಿಯೆಯಿಂದ ಕಲ್ಲಾಗುತ್ತದೆ, ಕುಗ್ಗುವುದು ಅತಿ ಕಡಿಮೆ. ನೆಗ್ಗಿಗೆ ಬೇಕಾದದ್ದು ಇದು. ಗಾಜಿನ ನಾರು ಬೆರೆಸಿದ ಪುಟ್ಟಿಯೂ ಉಂಟು. ಅದು ಬಲವಾದದ್ದು, ತೇವವನ್ನೂ ಅಷ್ಟಾಗಿ ಹೀರದು. ವೆಲ್ಡಿಂಗಿನ ಗೆರೆಯ ಮೇಲೆ ಹಚ್ಚಲು ಯೋಗ್ಯ. ಆದರೆ ತಿಕ್ಕುವುದು ಬಲು ಕಷ್ಟವಾದ್ದರಿಂದ ಮೇಲೆ ಸಾದಾ ಪುಟ್ಟಿಯ ಪದರ ಬೇಕೇ ಬೇಕು.

ನಮ್ಮ ಸಲಹೆ ಕೇಳಿದರೆ, ಹೊಸಬರು ಹಗುರ ಜಾತಿಯ ಪಾಲಿಯೆಸ್ಟರ್ ಪುಟ್ಟಿಯ ಅತಿ ಸಣ್ಣ ಡಬ್ಬಿಯನ್ನು ತರಬೇಕು. ಉಪ್ಪುಕಾಗದಕ್ಕೆ ಅದು ಬೇಗ ಒಲಿಯುತ್ತದೆ. ದೊಡ್ಡ ಡಬ್ಬಿ ಲೆಕ್ಕಕ್ಕೆ ಅಗ್ಗವಾಗಿ ಕಂಡರೂ ತೆರೆದಿಟ್ಟದ್ದು ದಿನ ಕಳೆದಂತೆ ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಂತೂ ಬೇಗ. ತಯಾರಾದ ತಿಂಗಳನ್ನು ಓದಿಯೇ ಕೊಳ್ಳಬೇಕು. ಮನೆಗೆ ತಂದ ಮೇಲೆ ಡಬ್ಬಿಯನ್ನು ತಳದಿಂದ ಕಲಕಬೇಕು, ರಾಳ ಮೇಲೆ ತೇಲಿ ಪುಡಿ ಕೆಳಗೆ ಕುಳಿತಿರುತ್ತದೆ. ಟ್ಯೂಬನ್ನೂ ಮುಚ್ಚಳ ತೆಗೆಯುವ ಮೊದಲು ಚೆನ್ನಾಗಿ ಹಿಸುಕಬೇಕು.

ಬೆರೆಸುವ ಅಳತೆಯಲ್ಲಿ ಎಡವುವವರೇ ಹೆಚ್ಚು. ನೂರು ಗ್ರಾಂ ಪುಟ್ಟಿಗೆ ಸುಮಾರು ಎರಡು ಗ್ರಾಂ ಹಾರ್ಡ್‌ನರ್ ಎಂಬುದು ಸಾಮಾನ್ಯ ಲೆಕ್ಕ. ಡಬ್ಬಿಯ ಮೇಲೆ ಬೇರೆ ಹೇಳಿದ್ದರೆ ಅದೇ ಪ್ರಮಾಣ. ಕಣ್ಣಿಗೆ ರೂಢಿಯಾಗುವವರೆಗೆ ತೂಗಿಯೇ ಬೆರೆಸಬೇಕು. (ಅಳಿಯ ಅಡುಗೆಮನೆಯ ತಕ್ಕಡಿಗೆ ಕೈಹಾಕಿದ್ದ, ತಂಗಿ ಕೊಡಲಿಲ್ಲ. ಕೊಡದಿದ್ದುದೇ ಸರಿ, ಆ ಟ್ಯೂಬಿನಲ್ಲಿರುವುದು ಬೆಂಜಾಯಿಲ್ ಪೆರಾಕ್ಸೈಡ್.) ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬುದು ನಿಜ, ಒಳ್ಳೆಯದಾಗುತ್ತದೆಂಬುದು ಸುಳ್ಳು. ಹೆಚ್ಚಾದ ಹಾರ್ಡ್‌ನರ್ ದಿನಗಳೆದಂತೆ ಬಣ್ಣದ ಮೂಲಕ ಕಲೆಯಾಗಿ ಮೇಲೇಳುತ್ತದೆ. ಕಡಿಮೆಯಾದರೆ ಪುಟ್ಟಿ ಅಂಟಂಟಾಗಿಯೇ ಉಳಿಯುತ್ತದೆ. ಬೆರೆಸಲು ಗಾಜಿನ ಅಥವಾ ತಗಡಿನ ತುಂಡು ಬೇಕು, ರಟ್ಟು ಬೇಡ. ಅದು ರಾಳವನ್ನು ಹೀರಿಕೊಳ್ಳುತ್ತದೆ. ಕಡೆಯುವಂತೆ ಗಿರಗಿರನೆ ತಿರುಗಿಸದೆ, ಒತ್ತಿ ಮಡಚಿ ಒತ್ತಿ ಮಡಚಿ ಬಣ್ಣ ಒಂದೇ ಸಮನಾಗುವವರೆಗೆ ಬೆರೆಸಬೇಕು. ಇಲ್ಲವಾದರೆ ಗಾಳಿ ಸೇರಿ ರಂಧ್ರಗಳಾಗುತ್ತವೆ. ಬೆರೆಸಿದ ಮೇಲೆ ನಾಲ್ಕೈದು ನಿಮಿಷ ಮಾತ್ರ ಸಮಯ. ಏಪ್ರಿಲ್ ತಿಂಗಳ ಹುಬ್ಬಳ್ಳಿಯ ಮಧ್ಯಾಹ್ನದಲ್ಲಿ ಅಷ್ಟೂ ಸಿಗದು. ಮುಂಜಾನೆ ನೆರಳಿನಲ್ಲಿ ಮಾಡುವುದು ಲೇಸು. ಉಳಿದದ್ದನ್ನು ಮರಳಿ ಡಬ್ಬಿಗೆ ಹಾಕಿದರೆ ಇಡೀ ಡಬ್ಬಿ ಹಾಳು.

ಹಚ್ಚುವುದಕ್ಕೆ ಎರಡು ಅಳತೆಯ ಪುಟ್ಟಿ ಬ್ಲೇಡುಗಳು ಸಾಕು. ಒಂದು ಅಗಲ, ಒಂದು ಕಿರಿದು, ಬಾಗುವಂತಹವು. ಮೊದಲ ಪದರವನ್ನು ತಗಡಿಗೆ ಒತ್ತಿ ತೆಳುವಾಗಿ ಎಳೆದು, ಅದರ ಮೇಲೆ ಬೇಕಾದಷ್ಟು ಏರಿಸಬೇಕು. ಅರೆಗಟ್ಟಿಯಾದಾಗ, ಕೊಬ್ಬರಿ ತುರಿಯುವ ಮಣೆಯಂತೆ ಹಲ್ಲುಗಳಿರುವ ಅರದಿಂದ ಹೆಚ್ಚಾದದ್ದನ್ನು ತುರಿದು ತೆಗೆದರೆ ಮುಂದಿನ ಅರ್ಧ ದುಡಿಮೆ ಉಳಿಯುತ್ತದೆ. ಪೂರ್ತಿ ಗಟ್ಟಿಯಾಗಲು ಇಪ್ಪತ್ತು ಮೂವತ್ತು ನಿಮಿಷ ಬಿಡಬೇಕು.

ಹಣವನ್ನು ಎಲ್ಲಿ ಧಾರಾಳವಾಗಿ ಖರ್ಚು ಮಾಡಬೇಕೆಂದರೆ, ಉಪ್ಪುಕಾಗದದಲ್ಲಿ. 80, 180, 320 ಮೂರೂ ನಂಬರುಗಳು ಬೇಕು, ಮಂಡಾದ ಕಾಗದವನ್ನು ಬಿಸಾಡುವ ಮನಸ್ಸೂ ಬೇಕು. ಬಿಳಿ ಪುಡಿಯ ಲೇಪವಿರುವ ಒಣ ಕಾಗದ ಬೇಗ ಮೆತ್ತಿಕೊಳ್ಳುವುದಿಲ್ಲ. ಕಾಗದವನ್ನು ಬೆರಳಿನಿಂದ ಒತ್ತಿ ತಿಕ್ಕಿದರೆ ಬೆರಳಿನ ಗಾತ್ರದ ತಗ್ಗುಗಳು ಬೀಳುತ್ತವೆ. ಆದ್ದರಿಂದ ಗೇಣುದ್ದದ ಸಮತಟ್ಟಾದ ಮರದ ತುಂಡಿಗೆ ಸುತ್ತಿಕೊಂಡು, ಓರೆಯಾಗಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿಕ್ಕಬೇಕು. ನಮ್ಮ ಕಡೆ ಬಹಳಷ್ಟು ಗ್ಯಾರೇಜುಗಳಲ್ಲಿ ನೀರು ಚಿಮುಕಿಸುತ್ತ ಪುಟ್ಟಿ ತಿಕ್ಕುವ ರೂಢಿಯಿದೆ. ಧೂಳು ಏಳುವುದಿಲ್ಲ, ಕೈಗೂ ಹಗುರ. ಆದರೆ ಹೀರಿದ ನೀರು ಪ್ರೈಮರಿನ ಕೆಳಗೆ ಉಳಿದು ಮುಂದೆ ಗುಳ್ಳೆಯಾಗಿ, ತುಕ್ಕಾಗಿ ಎದ್ದುಬರುತ್ತದೆ. ವಾಟರ್ ಪೇಪರಿನ ಕಾಲ ಬರುವುದು ಪ್ರೈಮರ್ ಹೊಡೆದು, ಪುಟ್ಟಿ ಎಲ್ಲಿಯೂ ಹೊರಗೆ ಕಾಣದಂತಾದ ಮೇಲೆ. ಸಮತಟ್ಟಾಯಿತೇ ಎಂದು ನೋಡಲು ಕಣ್ಣಿಗಿಂತ ಅಂಗೈ ಮೇಲು. ತೆಳುವಾದ ಬಟ್ಟೆಯೊಂದನ್ನು ಅಂಗೈಯಡಿ ಹಾಕಿಕೊಂಡು ಒಳ್ಳೆಯ ಜಾಗದಿಂದ ರಿಪೇರಿಯ ಜಾಗಕ್ಕೆ ನಿಧಾನವಾಗಿ ಸರಿಸಿದರೆ, ಕೂದಲೆಳೆಯಷ್ಟು ಏರುತಗ್ಗೂ ತಿಳಿಯುತ್ತದೆ.

ಆರೋಗ್ಯದ ವಿಷಯವನ್ನು ಹೇಳದೆ ಬಿಟ್ಟರೆ ಈ ಬರಹ ಅಪೂರ್ಣ. ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುವುದರಿಂದ ಪುಟ್ಟಿಯ ಸಣ್ಣ ಧೂಳು ನಿಲ್ಲುವುದಿಲ್ಲ. ಕೊರೋನಾ ದಿನಗಳಿಂದ ಎಲ್ಲರಿಗೂ ಪರಿಚಿತವಾದ ಎನ್-95 ಮಾಸ್ಕು ಧೂಳಿಗೆ ಸಾಕು, ಬೆರೆಸುವಾಗಿನ ಸ್ಟೈರೀನಿನ ಘಾಟಿಗೆ ಸಾಲದು; ಅದಕ್ಕೆ ಬಯಲು ಜಾಗವೇ ಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ಹಾರ್ಡ್‌ನರ್ ಬೆರೆಸಿ ಹೊಡೆಯುವ ಟೂ-ಕೆ ಬಣ್ಣಗಳನ್ನು ಮಾತ್ರ ಮನೆಯಂಗಳದಲ್ಲಿ ಸಿಂಪಡಿಸಲೇಬಾರದು. ಅವುಗಳಲ್ಲಿನ ಐಸೊಸಯನೇಟಿನಿಂದ ಉಬ್ಬಸ ಬರುತ್ತದೆ. ಒಮ್ಮೆ ಅಂಟಿಕೊಂಡರೆ ಆಮೇಲೆ ತುಸು ತಗಲಿದರೂ ಎದೆ ಕಟ್ಟುತ್ತದೆ. ಆ ಕೆಲಸ ಪೇಂಟ್ ಬೂತು, ಹೊರಗಿನ ಗಾಳಿಯ ಮುಖವಾಡ ಉಳ್ಳವರದು. ನಮ್ಮ ಹುಡುಗ ಪ್ರೈಮರಿನವರೆಗೆ ಮಾಡಿ ಬಣ್ಣಕ್ಕೆ ಹೊರಗೆ ಕೊಟ್ಟ.

ಇಂದಿನ ಹೊಸ ಗಾಡಿಗಳಿಗೆ ಈ ಮಾತುಗಳೆಲ್ಲ ಹಾಗೆಯೇ ಅನ್ವಯಿಸವು. ಅವುಗಳ ಬಂಪರು ಪ್ಲಾಸ್ಟಿಕ್ಕಿನದು. ಸಾದಾ ಪುಟ್ಟಿ ಅದರ ಮೇಲೆ ಬಿರಿದು ಉದುರುತ್ತದೆ, ಬಾಗುವ ಜಾತಿಯದೇ ಬೇರೆ ಇದೆ. ಕೆಲವು ಗಾಡಿಗಳಲ್ಲಿ ಬಂಪರಿನ ಹಿಂದೆ ಸೆನ್ಸರುಗಳಿದ್ದು, ಅವುಗಳ ಎದುರು ಪುಟ್ಟಿಯ ಪದರ ಬಂದರೆ ಅವು ದಾರಿ ತಪ್ಪಬಹುದು. ವಿಮೆಯ ಅವಧಿಯಲ್ಲಿರುವ ಹೊಸ ಗಾಡಿಯ ಮೇಲೆ ಕೈ ಪಳಗಿಸಲು ಹೋಗದಿರುವುದೇ ಜಾಣತನ. ಗುಜರಿಯಲ್ಲಿ ಹಳೆಯ ಮಡ್‌ಗಾರ್ಡೊಂದು ತೂಕದ ಬೆಲೆಗೆ ಸಿಗುತ್ತದೆ. ಕಲಿಯಲು ಅದಕ್ಕಿಂತ ಒಳ್ಳೆಯ ಪಾಟಿಯಿಲ್ಲ.

ಅಳಿಯ ಬಾಗಿಲಿನ ಪುಟ್ಟಿಯನ್ನು ಎರಡು ಸಲ ತೆಗೆದು ಮೂರು ಸಲ ಹಚ್ಚಿದ. ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ನೋಡಿದರೆ ಇನ್ನೂ ಒಂದು ಸಣ್ಣ ಅಲೆ ಕಾಣುತ್ತದೆ. ಅಕ್ಕ ಅದನ್ನು ಗಮನಿಸಿಯೂ ಇಲ್ಲ, ಅವನೇ ಎಲ್ಲರಿಗೂ ತೋರಿಸುತ್ತಾನೆ. ಈಗ ಊರಿನಲ್ಲಿ ಇಬ್ಬರು ಮೂವರು ತಮ್ಮ ಗಾಡಿ ತಂದು ನಿಲ್ಲಿಸಹತ್ತಿದ್ದಾರೆ. ಅವನು ಮೊದಲು ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆಯುತ್ತಾನೆ. ಕೆಲವರಿಗೆ, "ಇದು ನನ್ನ ಕೆಲಸ ಅಲ್ರಿ, ವೆಲ್ಡಿಂಗಿಗೆ ಒಯ್ಯಿರಿ" ಎಂದು ಹೇಳಿ ಕಳಿಸುತ್ತಾನೆ. ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆಯಿಂದ ಗಾಡಿ ಬಂದ ದಿನ, ರನ್ನಿಂಗ್ ಬೋರ್ಡಿನ ಕೆಳಗಿನ ನೀರಿಳಿಯುವ ರಂಧ್ರಗಳನ್ನು ಕಡ್ಡಿಯಿಂದ ಕೆದರಿ ಬಿಡಿಸುವುದು ತಂಗಿಯ ಪಾಲಿನ ಕೆಲಸವಾಗಿದೆ.